ನಾಣ್ಯ ಚಿಮ್ಮಿ ಹಂಚಿದ ಹುಡುಗರು: ಜೋನ್ ಮೆಕಾರ್ಡ್ ಮತ್ತು ಹಾನಿ ಮಾಡಿದ ಸಹಾಯ

ನಮ್ಮ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಜೀವಕೋಶ, ಜೀನು, ಬ್ಯಾಕ್ಟೀರಿಯಾ ಇವೇ ಇರುತ್ತವೆ. ಇವತ್ತು ಸ್ವಲ್ಪ ಬೇರೆ ದಾರಿ. ಇವತ್ತಿನದು ಒಬ್ಬ ಅಪರಾಧಶಾಸ್ತ್ರಜ್ಞೆಯ ಕಥೆ. ಹೆಸರು ಜೋನ್ ಮೆಕಾರ್ಡ್. ಜೀವವಿಜ್ಞಾನದ ಪಾಡ್‌ಕಾಸ್ಟಿನಲ್ಲಿ ಅಪರಾಧಶಾಸ್ತ್ರ ಯಾಕೆ ಅಂತ ಕೇಳಿದರೆ, ಸಂಚಿಕೆ ಅರ್ಧ ಮುಗಿಯುವಷ್ಟರಲ್ಲಿ ಉತ್ತರ ಸಿಗುತ್ತೆ.

ಮೊದಲು ಒಂದು ಪ್ರಶ್ನೆ. ಬಡ ಬಡಾವಣೆಯೊಂದರ ಹತ್ತು ವರ್ಷದ ಹುಡುಗ ಅಂದುಕೊಳ್ಳಿ. ಅವನ ಮನೆಗೆ ತಿಂಗಳಿಗೆ ಎರಡು ಸಲ ಒಬ್ಬ ಒಳ್ಳೆಯ ಮನುಷ್ಯ ಬರುತ್ತಾರೆ. ಹುಡುಗನ ಜೊತೆ ಮಾತಾಡುತ್ತಾರೆ, ಆಟ ನೋಡಲು ಕರೆದುಕೊಂಡು ಹೋಗುತ್ತಾರೆ, ಪಾಠ ಹೇಳಿಕೊಡುವವರನ್ನು ಗೊತ್ತುಮಾಡುತ್ತಾರೆ. ಹುಡುಗನಿಗೆ ಹುಷಾರಿಲ್ಲದಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, ಬೇಸಿಗೆ ರಜೆಯಲ್ಲಿ ಸಮ್ಮರ್ ಕ್ಯಾಂಪಿಗೆ ಕಳಿಸುತ್ತಾರೆ. ಹೀಗೆ ಐದೂವರೆ ವರ್ಷ. ದುಡ್ಡು ಕೇಳುವುದಿಲ್ಲ, ಧರ್ಮ ಬದಲಿಸು ಅನ್ನುವುದಿಲ್ಲ. ಇದರಿಂದ ಆ ಹುಡುಗನಿಗೆ ಒಳ್ಳೆಯದಾಗುತ್ತಾ?

"ಇದೂ ಒಂದು ಪ್ರಶ್ನೆನಾ" ಅಂತ ಅನ್ನಿಸಿರಬೇಕು. ಹೆಚ್ಚೆಂದರೆ "ಅಷ್ಟೇನೂ ಪ್ರಯೋಜನ ಆಗದಿರಬಹುದು" ಅಂತೀರಿ. ಇದರಿಂದ ಕೆಟ್ಟದ್ದಾಗಬಹುದು ಅನ್ನುವುದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. 1935ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿದ್ದ ಒಬ್ಬ ಡಾಕ್ಟರಿಗೆ ಮಾತ್ರ ಇದು ಕೇಳಲೇಬೇಕಾದ ಪ್ರಶ್ನೆ ಅನ್ನಿಸಿತು. ಮೆಕಾರ್ಡ್ ಅವರ ಕಥೆಗೆ ಬರುವ ಮುಂಚೆ ಈ ಡಾಕ್ಟರ ಬಗ್ಗೆ ಸ್ವಲ್ಪ ಹೇಳಬೇಕು.

ಅವರು ರಿಚರ್ಡ್ ಕ್ಲಾರ್ಕ್ ಕ್ಯಾಬಟ್. ಹಾರ್ವರ್ಡಿನಲ್ಲಿ ವೈದ್ಯಶಾಸ್ತ್ರದ ಪ್ರೊಫೆಸರ್, ಆಮೇಲೆ ಸಾಮಾಜಿಕ ನೀತಿಶಾಸ್ತ್ರದ ಪ್ರೊಫೆಸರ್ ಕೂಡ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರೋಗಿಯ ಮನೆಯ ಕಷ್ಟವನ್ನೂ ವಿಚಾರಿಸುವ ಸಮಾಜಕಾರ್ಯ ವಿಭಾಗ 1905ರಲ್ಲಿ ಶುರುವಾಗಿದ್ದು ಇವರಿಂದಲೇ. ಇನ್ನೊಂದು ಕೆಲಸಕ್ಕೆ ಸಹೋದ್ಯೋಗಿಗಳು ಇವರನ್ನು ಅಷ್ಟಾಗಿ ಮೆಚ್ಚಿರಲಿಕ್ಕಿಲ್ಲ. ಸತ್ತ ರೋಗಿಗಳ ಶವಪರೀಕ್ಷೆಯ ವರದಿಗಳನ್ನು ಹಿಡಿದುಕೊಂಡು, ಬದುಕಿದ್ದಾಗ ಡಾಕ್ಟರುಗಳು ಏನು ರೋಗ ಅಂತ ಹೇಳಿದ್ದರು, ನಿಜವಾಗಿ ಏನಿತ್ತು ಅಂತ ಒಂದೊಂದಾಗಿ ತಾಳೆ ನೋಡಿದರು. ಮೂರು ಸಾವಿರ ಶವಪರೀಕ್ಷೆಗಳ ಲೆಕ್ಕ 1912ರಲ್ಲಿ ಪ್ರಕಟವಾಯಿತು. ಡಾಕ್ಟರುಗಳು ಎಷ್ಟು ಸಲ ತಪ್ಪಿದ್ದರು ಅನ್ನುವುದು ಎಲ್ಲರ ಮುಂದೆ ಬಂತು.

ಅಂಥ ಮನುಷ್ಯ 1931ರಲ್ಲಿ ಅಮೆರಿಕದ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ, ನೀವು ಮಾಡುವ ಕೆಲಸದಿಂದ ಏನಾಗುತ್ತಿದೆ ಅಂತ ಅಳೆದು ನೋಡಿ ಎಂದು ಕೇಳಿಕೊಂಡರು. ಹೇಳಿ ಸುಮ್ಮನಾಗಲಿಲ್ಲ, ತಾವೇ ಅಳೆಯಲು ಹೊರಟರು. ಅದೇ ಕೇಂಬ್ರಿಡ್ಜ್–ಸೊಮರ್‌ವಿಲ್ ಯುವಜನ ಅಧ್ಯಯನ. ಇಲ್ಲಿ ಕೇಂಬ್ರಿಡ್ಜ್ ಅಂದರೆ ಇಂಗ್ಲೆಂಡಿನದಲ್ಲ, ಬಾಸ್ಟನ್ ಪಕ್ಕದ್ದು. ಸೊಮರ್‌ವಿಲ್ ಅದರ ಪಕ್ಕದ ಊರು. ಆಗ ಎರಡರಲ್ಲೂ ಕಾರ್ಖಾನೆ ಕೆಲಸಗಾರರು, ವಲಸೆ ಬಂದವರು ಒತ್ತೊತ್ತಾಗಿ ಬದುಕುತ್ತಿದ್ದ ಬಡಾವಣೆಗಳಿದ್ದವು. ಬಾಸ್ಟನ್ ಕಡೆ ಇರುವ ನಮ್ಮ ಕೇಳುಗರಲ್ಲಿ ಕೆಲವರು ಈಗ ಅದೇ ಬೀದಿಗಳಲ್ಲಿ ಬಾಡಿಗೆ ಕಟ್ಟುತ್ತಿರಬಹುದು. ಇವತ್ತಿನ ಬಾಡಿಗೆ ನೋಡಿದರೆ ನಂಬುವುದು ಕಷ್ಟ.

ಕ್ಯಾಬಟ್ ಮಾಡಿದ್ದು ಇಷ್ಟು. ಶಾಲೆ, ಚರ್ಚು, ಪೊಲೀಸರು, ಸೇವಾಸಂಸ್ಥೆಗಳು ಇವರನ್ನೆಲ್ಲ ಕೇಳಿ ಹನ್ನೆರಡು ವರ್ಷದೊಳಗಿನ ಹುಡುಗರ ಹೆಸರು ಕಲೆಹಾಕಿದರು. ಬರೀ ತುಂಟರನ್ನೇ ಆರಿಸಿದರೆ "ಇದು ಕೆಟ್ಟ ಹುಡುಗರ ಕಾರ್ಯಕ್ರಮ" ಅನ್ನುವ ಹಣೆಪಟ್ಟಿ ಬೀಳುತ್ತೆ ಅಂತ, ಸಾಧುಗಳನ್ನೂ ಸೇರಿಸಿಕೊಂಡರು. ಒಟ್ಟು 650 ಹುಡುಗರು. ವಯಸ್ಸು, ಬುದ್ಧಿಮಟ್ಟ, ಮನೆಯ ಪರಿಸ್ಥಿತಿ, ಮುಂದೆ ದಾರಿ ತಪ್ಪುವ ಸಂಭವ, ಇವೆಲ್ಲದರಲ್ಲೂ ಒಬ್ಬರನ್ನೊಬ್ಬರು ಹೋಲುವ ಇಬ್ಬಿಬ್ಬರನ್ನು ಜೋಡಿ ಮಾಡಿದರು. 325 ಜೋಡಿ. ಆಮೇಲೆ ಪ್ರತಿ ಜೋಡಿಗೂ ಒಂದು ನಾಣ್ಯ ಚಿಮ್ಮಿದರು. ಒಬ್ಬನಿಗೆ ಸಹಾಯ, ಇನ್ನೊಬ್ಬನಿಗೆ ಏನೂ ಇಲ್ಲ.

ಜೀವವಿಜ್ಞಾನಿಗಳಾದ ನಮಗೆ ಮೈ ಜುಮ್ಮೆನ್ನುವುದು ಇಲ್ಲಿ. ಲ್ಯಾಬಿನಲ್ಲಿ ಕಂಟ್ರೋಲ್ ಇಲ್ಲದ ಪ್ರಯೋಗ ತೋರಿಸಿದರೆ ಮೊದಲ ವರ್ಷದ ವಿದ್ಯಾರ್ಥಿಯೂ ನಗುತ್ತಾನೆ. ಆದರೆ 1930ರ ದಶಕದಲ್ಲಿ ಔಷಧಗಳನ್ನೇ ಹೀಗೆ ಪರೀಕ್ಷಿಸುವ ರೂಢಿ ಇರಲಿಲ್ಲ. ಆಧುನಿಕ ವೈದ್ಯಕೀಯ ಪ್ರಯೋಗಗಳ ಮಾದರಿ ಅಂತ ಎಲ್ಲ ಪುಸ್ತಕಗಳೂ ಹೇಳುವ ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಅಧ್ಯಯನ ಪ್ರಕಟವಾಗಿದ್ದು 1948ರಲ್ಲಿ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಒಬ್ಬ ಡಾಕ್ಟರು ಪ್ರೀತಿ, ಸ್ನೇಹ, ಮಾರ್ಗದರ್ಶನ ಇವುಗಳನ್ನು ನಾಣ್ಯ ಚಿಮ್ಮಿ ಹಂಚಿದ್ದರು.

ಕೌನ್ಸೆಲರುಗಳು 1939ರಲ್ಲಿ ಮನೆಮನೆಗೆ ಹೋಗಲು ಶುರು ಮಾಡಿದರು. ಅದೇ ವರ್ಷ ಕ್ಯಾಬಟ್ ತೀರಿಕೊಂಡರು. ಯುದ್ಧ ಬಂತು, ಕೆಲವು ಕೌನ್ಸೆಲರುಗಳು ಸೇನೆಗೆ ಹೋದರು, ಪೆಟ್ರೋಲಿಗೆ ಪಡಿತರ ಬಂತು. ಕೆಲವು ಹುಡುಗರನ್ನು ಕಾರ್ಯಕ್ರಮದಿಂದ ಬಿಡಬೇಕಾಯಿತು. ಬಿಟ್ಟಾಗ ಅವನ ಜೋಡಿಯನ್ನೂ ಲೆಕ್ಕದಿಂದ ಬಿಟ್ಟರು, ಹೋಲಿಕೆ ಕೆಡಬಾರದಲ್ಲ. ಕೊನೆಗೆ ಉಳಿದವರು 506 ಜನ, ಗುಂಪಿಗೆ 253. 1945ರ ಕೊನೆಗೆ ಕಾರ್ಯಕ್ರಮ ಮುಗಿಯಿತು.

ಎಡ್ವಿನ್ ಪವರ್ಸ್ ಮತ್ತು ಹೆಲೆನ್ ವಿಟ್ಮರ್ 1951ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಕೌನ್ಸೆಲರುಗಳನ್ನು ಕೇಳಿದರೆ ಬಹುಪಾಲು ಹುಡುಗರಿಗೆ ಚೆನ್ನಾಗಿ ಉಪಯೋಗವಾಗಿದೆ ಅಂದರು. ಹುಡುಗರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಹೌದು ಅಂದರು. ಆದರೆ ಕೋರ್ಟಿನ ದಾಖಲೆ ತೆಗೆದು ನೋಡಿದರೆ ಸಹಾಯ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಇಲ್ಲ. "ಇನ್ನೂ ಎಳೆಯ ಹುಡುಗರು, ಇಷ್ಟು ಬೇಗ ಏನು ಗೊತ್ತಾಗುತ್ತೆ, ಫಲ ನಿಧಾನಕ್ಕೆ ಬರುತ್ತೆ" ಅನ್ನುವ ಆಸೆ ಉಳಿಯಿತು. ಆ ಆಸೆ ತಪ್ಪೂ ಅಲ್ಲ.

ಈಗ ಜೋನ್ ಮೆಕಾರ್ಡ್ ಅವರ ವಿಷಯಕ್ಕೆ ಬರೋಣ.

ಹುಟ್ಟಿದ್ದು 1930ರಲ್ಲಿ. ಅಂದರೆ ಕೇಂಬ್ರಿಡ್ಜ್–ಸೊಮರ್‌ವಿಲ್‌ನ ಹುಡುಗರು ಹೆಚ್ಚು ಕಡಿಮೆ ಅವರ ವಾರಿಗೆಯವರೇ. ಸ್ಟ್ಯಾನ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ ಓದಿದರು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ "ನಿನಗೆ ಅದು ಹೇಗೆ ಗೊತ್ತು" ಅನ್ನುವ ಪ್ರಶ್ನೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1950ರ ದಶಕದಲ್ಲಿ ಗಂಡ ವಿಲಿಯಂ ಮೆಕಾರ್ಡ್ ಹಾರ್ವರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಜೋನ್ ಶಾಲೆಯಲ್ಲಿ ಪಾಠ ಹೇಳಿದರು, 1956ರಲ್ಲಿ ಅಲ್ಲಿಂದಲೇ ಶಿಕ್ಷಣಶಾಸ್ತ್ರದಲ್ಲಿ ಪದವಿ ಪಡೆದರು. ಕ್ಯಾಬಟ್ ಅವರ ಅಧ್ಯಯನದ ಫೈಲುಗಳು ಗಂಡ ಹೆಂಡತಿ ಇಬ್ಬರ ಕೈಗೆ ಸಿಕ್ಕಿದ್ದು ಈ ಕಾಲದಲ್ಲಿ.

ಎಂಥ ಫೈಲುಗಳು ಗೊತ್ತಾ! ಪ್ರತಿ ಭೇಟಿ ಮುಗಿದ ಮೇಲೆ ಕೌನ್ಸೆಲರು ಅಲ್ಲಿ ಕಂಡಿದ್ದನ್ನೆಲ್ಲ ಹೇಳಿ ಬರೆಸುತ್ತಿದ್ದರು. ಅಮ್ಮ ಮಗನ ಜೊತೆ ಹೇಗೆ ಮಾತಾಡಿದಳು, ಅಪ್ಪ ಕುಡಿದಿದ್ದನಾ, ಇಬ್ಬರಿಗೂ ಜಗಳ ಆಗುತ್ತಿತ್ತಾ, ಹುಡುಗ ಎಲ್ಲಿ ಹೋಗುತ್ತಾನೆ ಅನ್ನುವುದು ಮನೆಯವರಿಗೆ ಗೊತ್ತಿರುತ್ತಿತ್ತಾ, ಹೀಗೆ ವರ್ಷಗಟ್ಟಲೆ. ದೊಡ್ಡವರಾದ ಮೇಲೆ "ನಿನ್ನ ಬಾಲ್ಯ ಹೇಗಿತ್ತು" ಅಂತ ಕೇಳಿದರೆ ನೆನಪು ಕೈಕೊಡುತ್ತೆ, ಬಣ್ಣ ಬಳಿದುಕೊಂಡು ಬರುತ್ತೆ. ಈ ಫೈಲುಗಳಲ್ಲಿ ಅಂದಂದಿನದು ಅಂದಂದೇ ಬರೆದಿಟ್ಟಿತ್ತು. ಅವುಗಳನ್ನು ಓದಿ ಅಂಕ ಹಾಕುವವರಿಗೆ ಆ ಹುಡುಗ ಮುಂದೆ ಏನಾದ ಅನ್ನುವುದು ಗೊತ್ತಾಗದಂತೆ ನೋಡಿಕೊಂಡರು. ನಮ್ಮಲ್ಲಿ ಸ್ಲೈಡಿನ ಮೇಲಿನ ಲೇಬಲ್ ಮುಚ್ಚಿಟ್ಟು ಕೋಶ ಎಣಿಸುತ್ತೇವಲ್ಲ, ಅದೇ ಎಚ್ಚರಿಕೆ.

ಈ ಕೆಲಸ 1959ರಲ್ಲಿ ಪುಸ್ತಕವಾಗಿ ಬಂತು. ಹುಡುಗರು ಆಗ ಮೂವತ್ತರ ಆಸುಪಾಸಿನ ಗಂಡಸರು. ಆಗಲೂ ಒಟ್ಟಾರೆ ಎರಡು ಗುಂಪಿನ ನಡುವೆ ಅಪರಾಧದ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಮುಂದೆ ಅವರ ದಾಂಪತ್ಯ ಮುರಿಯಿತು. ಇಬ್ಬರು ಗಂಡು ಮಕ್ಕಳನ್ನು ಸಾಕುತ್ತಾ ಸ್ಟ್ಯಾನ್‌ಫರ್ಡಿನಲ್ಲಿ ಸಮಾಜಶಾಸ್ತ್ರದ ಡಾಕ್ಟರೇಟ್ ಮುಗಿಸಿದ್ದು 1968ರಲ್ಲಿ, 38ರ ಹತ್ತಿರದ ವಯಸ್ಸಿನಲ್ಲಿ. ಅದೇ ವರ್ಷ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸೇರಿದರು, 1987ರಿಂದ ಅದೇ ಊರಿನ ಟೆಂಪಲ್ ವಿಶ್ವವಿದ್ಯಾಲಯ. ಮಕ್ಕಳು ಮಲಗಿದ ಮೇಲೆ ಥೀಸಿಸ್ ಬರೆಯುವ ಕೇಳುಗರು ನಮಗೆ ಆಗಾಗ ಪತ್ರ ಬರೆಯುತ್ತೀರಿ. ಈ ಇಸವಿಗಳನ್ನು ಒತ್ತಿ ಹೇಳಿದ್ದು ನಿಮಗೋಸ್ಕರ.

1975ರಲ್ಲಿ ಅವರು ಮತ್ತೆ ಅದೇ 506 ಜನರನ್ನು ಹುಡುಕಲು ಹೊರಟರು. ಇಂಟರ್ನೆಟ್ ಇಲ್ಲದ ಕಾಲ. ಕಾರ್ಯಕ್ರಮ ಮುಗಿದು ಮೂವತ್ತು ವರ್ಷ ಆಗಿದೆ. ಊರಿನ ವಿಳಾಸಪುಸ್ತಕ, ವಾಹನ ನೋಂದಣಿ, ಮದುವೆ ಮತ್ತು ಮರಣದ ದಾಖಲೆ, ಕೋರ್ಟು, ಮಾನಸಿಕ ಆಸ್ಪತ್ರೆ, ಕುಡಿತ ಬಿಡಿಸುವ ಕೇಂದ್ರ, ಎಲ್ಲ ಕಡೆ ಜಾಲಾಡಿದರು. ನೂರಕ್ಕೆ 95 ಜನ ಸಿಕ್ಕಿದರು! ಮುಂದಿನ ಕೆಲವು ವರ್ಷಗಳಲ್ಲಿ ಇದು 98ಕ್ಕೆ ಏರಿತು. ದೀರ್ಘಕಾಲದ ಅಧ್ಯಯನ ಮಾಡುವ ಯಾರನ್ನಾದರೂ ಕೇಳಿ ನೋಡಿ, ಐದು ವರ್ಷಕ್ಕೇ ಕಾಲುಭಾಗ ಜನ ಕಳೆದುಹೋಗುವುದು ಸಾಮಾನ್ಯ. ಕಳೆದುಹೋದವರು ಯಾದೃಚ್ಛಿಕವಾಗಿ ಕಳೆದುಹೋಗುವುದಿಲ್ಲ, ಬದುಕು ಹೆಚ್ಚು ಏರುಪೇರಾದವರೇ ಮೊದಲು ಕೈತಪ್ಪುತ್ತಾರೆ. ಹಾಗಾಗಿ ಈ 95 ಅನ್ನುವ ಅಂಕೆ ಅವರ ಇಡೀ ವಾದದ ಬುನಾದಿ.

ಸಿಕ್ಕವರಿಗೆ ಪ್ರಶ್ನಾವಳಿ ಕಳಿಸಿದರು. ಸಹಾಯ ಪಡೆದ ಗುಂಪಿನವರನ್ನು "ಆ ಕಾರ್ಯಕ್ರಮ ನಿಮಗೆ ಉಪಯೋಗ ಆಯಿತಾ" ಅಂತಲೂ ಕೇಳಿದರು. ಉತ್ತರಿಸಿದವರಲ್ಲಿ ಮೂರನೇ ಎರಡು ಭಾಗ ಹೌದು ಅಂದರು. ಬೀದಿ ಸುತ್ತುವುದು ತಪ್ಪಿತು, ಜನರ ಜೊತೆ ಹೊಂದಿಕೊಂಡು ಹೋಗುವುದು ಕಲಿತೆವು ಅಂತೆಲ್ಲ ಬರೆದರು. ಕೌನ್ಸೆಲರನ್ನು ಪ್ರೀತಿಯಿಂದ ನೆನೆದವರೂ ಇದ್ದರು.

ನಾವು ಇಲ್ಲಿಗೇ ನಿಲ್ಲಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಕೆಲಸ ಮಾಡಿದವರೂ ಚೆನ್ನಾಗಾಯಿತು ಅಂದರು, ಪಡೆದುಕೊಂಡವರೂ ಮೂವತ್ತು ವರ್ಷ ಆದ ಮೇಲೂ ಒಳ್ಳೆಯದಾಯಿತು ಅಂದರು. ಇದಕ್ಕಿಂತ ದೊಡ್ಡ ಯಶಸ್ಸಿನ ಕಥೆ ಬೇಕಾ? ವಾರ್ಷಿಕ ವರದಿಯ ಮುಖಪುಟಕ್ಕೆ ಹಾಕಬಹುದಿತ್ತು. ಆದರೆ ಜೊತೆಗೆ ಆ ಇನ್ನೊಂದು ಗುಂಪು ಇತ್ತಲ್ಲ, ನಾಣ್ಯ ಇನ್ನೊಂದು ಮಗ್ಗುಲಿಗೆ ಬಿದ್ದ ಹುಡುಗರು.

1978ರಲ್ಲಿ ಅಮೆರಿಕನ್ ಸೈಕಾಲಜಿಸ್ಟ್ ಪತ್ರಿಕೆಯಲ್ಲಿ ಮೆಕಾರ್ಡ್ ಪ್ರಕಟಿಸಿದ ಲೇಖನದ ಸಾರ ಹೀಗಿದೆ. ಒಮ್ಮೆಯಾದರೂ ಅಪರಾಧ ಮಾಡಿದವರ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ. ಆದರೆ ಹಾಗೆ ಮಾಡಿದವರಲ್ಲಿ ಮತ್ತೆ ಅಪರಾಧ ಮಾಡಿದವರು ಸಹಾಯ ಪಡೆದ ಗುಂಪಿನಲ್ಲಿ ನೂರಕ್ಕೆ 78, ಪಡೆಯದ ಗುಂಪಿನಲ್ಲಿ 67. ಕುಡಿತಕ್ಕೆ ಬಿದ್ದ ಲಕ್ಷಣಗಳು ಸಹಾಯ ಪಡೆದವರಲ್ಲಿ ಹೆಚ್ಚು. ಗಂಭೀರ ಮಾನಸಿಕ ಕಾಯಿಲೆಯ ಲಕ್ಷಣ ಹೆಚ್ಚು. ರಕ್ತದೊತ್ತಡ, ಹೃದಯದ ತೊಂದರೆಯಂಥ ಕಾಯಿಲೆಗಳನ್ನು ಹೇಳಿಕೊಂಡವರು ಹೆಚ್ಚು. ಸತ್ತವರಲ್ಲಿ ಸಹಾಯ ಪಡೆದವರು ಇನ್ನೂ ಚಿಕ್ಕ ವಯಸ್ಸಿಗೇ ಸತ್ತಿದ್ದರು. ಅವರ ಕೆಲಸಗಳು ಕೆಳಮಟ್ಟದವು, ಇರುವ ಕೆಲಸದಲ್ಲಿ ತೃಪ್ತಿಯೂ ಕಡಿಮೆ.

ಇಲ್ಲಿ ವಿಜ್ಞಾನ ಗೊತ್ತಿರುವ ಕೇಳುಗರು ಕೈ ಎತ್ತುತ್ತೀರಿ. ಅಷ್ಟೊಂದು ವಿಷಯ ಹೋಲಿಸಿದರೆ ಒಂದೆರಡು ಆಕಸ್ಮಿಕವಾಗಿ ಎದ್ದು ಕಾಣುತ್ತವಲ್ಲ? ಒಳ್ಳೆಯ ಪ್ರಶ್ನೆ, ಆಗಲೂ ವಿಮರ್ಶಕರು ಇದೇ ದಾರಿಯಲ್ಲಿ ಕೇಳಿದರು. ಆಕಸ್ಮಿಕವಾದರೆ ಕೆಲವು ವ್ಯತ್ಯಾಸ ಆ ಕಡೆ, ಕೆಲವು ಈ ಕಡೆ ಬೀಳಬೇಕು. ಸಹಾಯ ಪಡೆದವರಿಗೆ ಅನುಕೂಲವಾದ ಗಮನಾರ್ಹ ವ್ಯತ್ಯಾಸ ಒಂದೂ ಇರಲಿಲ್ಲ. ಇದಕ್ಕಿಂತ ಬಲವಾದ ಸಾಕ್ಷಿ ಆಮೇಲೆ ಬಂತು, ನಮ್ಮನ್ನು ಕೂತಲ್ಲೇ ನೆಟ್ಟಗೆ ಮಾಡಿದ್ದು ಅದೇ.

ಔಷಧವೊಂದು ನಿಜವಾಗಿ ಕೆಲಸ ಮಾಡುತ್ತಾ ಅಂತ ತಿಳಿಯಲು ನಾವು ಡೋಸ್ ನೋಡುತ್ತೇವೆ. ಹೆಚ್ಚು ಡೋಸ್ ತಗೊಂಡವರಲ್ಲಿ ಪರಿಣಾಮ ಹೆಚ್ಚಿದೆಯಾ ಅಂತ. ಮೆಕಾರ್ಡ್ ಜೋಡಿ ಜೋಡಿಯಾಗಿ ಹೋಲಿಸಿ ಇದನ್ನೇ ನೋಡಿದರು. ಹೆಚ್ಚು ಕಾಲ, ಹೆಚ್ಚು ಗಾಢವಾಗಿ ಸಹಾಯ ಪಡೆದವರಲ್ಲೇ ಹಾನಿ ಹೆಚ್ಚು. ಇನ್ನೊಂದು ಜಾಣ ಪರೀಕ್ಷೆ ಕೂಡ ಮಾಡಿದರು. ಕೆಲವು ಮನೆಯವರು ಕೌನ್ಸೆಲರ ಜೊತೆ ಚೆನ್ನಾಗಿ ಸಹಕರಿಸಿದ್ದರು, ಕೆಲವರು ಬಾಗಿಲಲ್ಲೇ ಸಾಗಹಾಕಿದ್ದರು. ಸಹಾಯ ಸ್ವೀಕರಿಸದ ಮನೆಗಳ ಹುಡುಗರಿಗೂ ಅವರ ಜೋಡಿಗಳಿಗೂ ವ್ಯತ್ಯಾಸ ಇಲ್ಲ. ಸಹಕರಿಸಿದ ಮನೆಗಳಲ್ಲಿ ಮಾತ್ರ ಹಾನಿ. ಔಷಧ ನುಂಗದವನಿಗೆ ಅಡ್ಡಪರಿಣಾಮ ಇಲ್ಲ, ನುಂಗಿದವನಿಗೆ ಇದೆ. ಪ್ರೀತಿಯಿಂದ ಬಾಗಿಲು ತೆರೆದ ತಾಯಂದಿರನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತೆ.

ಇದೆಲ್ಲ ಬಹಳ ಜನರಿಗೆ ರುಚಿಸಲಿಲ್ಲ. ಬಡ ಮಕ್ಕಳಿಗಾಗಿ ದುಡಿಯುವವರಿಗೆ "ನಿಮ್ಮಿಂದ ಹಾನಿಯಾಗಿದೆ" ಅಂತ ಹೇಳುವುದು ಸುಲಭವಲ್ಲ. ಇಂಥ ಫಲಿತಾಂಶವನ್ನು ಎತ್ತಿ ಹಿಡಿದು ಬಡವರ ಯೋಜನೆಗಳಿಗೆ ದುಡ್ಡು ನಿಲ್ಲಿಸುವವರೂ ಇರುತ್ತಾರೆ, ಆ ಭಯ ಸುಳ್ಳಲ್ಲ. ಆದರೆ ಮೆಕಾರ್ಡ್ ಸಹಾಯ ನಿಲ್ಲಿಸಿ ಅನ್ನಲಿಲ್ಲ. ಔಷಧವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಸುರಕ್ಷತೆ ಪರೀಕ್ಷಿಸುತ್ತೀರಿ, ಮಕ್ಕಳ ಬದುಕಿನ ಒಳಗೆ ಕೈಹಾಕುವ ಕಾರ್ಯಕ್ರಮವನ್ನೂ ಹಾಗೇ ಪರೀಕ್ಷಿಸಿ ಎನ್ನುವುದು ಅವರ ನಿಲುವು. "ಏನಿಲ್ಲದಿದ್ದರೂ ಕೆಡುಕಂತೂ ಆಗಲ್ಲ" ಅನ್ನುವ ಊಹೆಯನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ.

ವೈದ್ಯಕೀಯದಲ್ಲೂ ಇದೇ ಪಾಠ ತಡವಾಗಿಯೇ ಬಂತು. ಹೃದಯಾಘಾತ ಆದವರಲ್ಲಿ ಎದೆಬಡಿತ ತಾಳ ತಪ್ಪಿದರೆ ಸಾವಿನ ಸಂಭವ ಹೆಚ್ಚು. ಹಾಗಾದರೆ ತಾಳ ಸರಿಮಾಡುವ ಮಾತ್ರೆ ಕೊಟ್ಟರೆ ಜೀವ ಉಳಿಯಬೇಕು, ಅಲ್ವಾ? ಮಾತ್ರೆ ತಾಳವನ್ನು ಸರಿಮಾಡುತ್ತಲೂ ಇತ್ತು, ಇಸಿಜಿಯಲ್ಲಿ ಕಣ್ಣಿಗೆ ಕಾಣುತ್ತಿತ್ತು. 1989ರಲ್ಲಿ ಕ್ಯಾಸ್ಟ್ ಎಂಬ ದೊಡ್ಡ ಪ್ರಯೋಗದಲ್ಲಿ ಕಂಟ್ರೋಲ್ ಗುಂಪಿನ ಜೊತೆ ಹೋಲಿಸಿದಾಗ ಮಾತ್ರೆ ತಗೊಂಡವರೇ ಹೆಚ್ಚು ಸಾಯುತ್ತಿದ್ದರು. ಅಲ್ಲಿಯವರೆಗೆ ಅದನ್ನು ಬರೆದುಕೊಟ್ಟ ಡಾಕ್ಟರುಗಳು ದುಷ್ಟರೇನಲ್ಲ. ಕ್ಯಾಬಟ್ ಅವರ ಕೌನ್ಸೆಲರುಗಳ ಹಾಗೆ, ತಮ್ಮ ಎದುರಿಗಿದ್ದ ಸುಧಾರಣೆಯನ್ನು ಮಾತ್ರ ನೋಡಬಲ್ಲವರಾಗಿದ್ದರು.

ಸರಿ, ಹಾನಿ ಹೇಗೆ ಆಯಿತು? 1978ರಲ್ಲಿ ಮೆಕಾರ್ಡ್ ಕೆಲವು ಸಾಧ್ಯತೆಗಳನ್ನು ಮುಂದಿಟ್ಟರು. ಹುಡುಗ ಒಬ್ಬ ಹೊರಗಿನವರ ಮೇಲೆ ಪೂರ್ತಿ ಆತುಕೊಂಡ, ಅವರು ಹೊರಟುಹೋದಾಗ ತೊಲೆ ಕಿತ್ತ ಹಾಗಾಯಿತು. ಅಥವಾ ಕೌನ್ಸೆಲರು ಮಧ್ಯಮವರ್ಗದ ಮೌಲ್ಯ ತಂದರು, ಮನೆಯ, ಬೀದಿಯ ಮೌಲ್ಯ ಬೇರೆ, ನಡುವೆ ಹುಡುಗ ಸಿಕ್ಕಿಕೊಂಡ. ಅಥವಾ ದೊಡ್ಡ ನಿರೀಕ್ಷೆ ಹುಟ್ಟಿಸಿದರು, ಜಗತ್ತು ಅದನ್ನು ಈಡೇರಿಸಲಿಲ್ಲ. ಅಥವಾ "ನನಗೆ ಇಷ್ಟು ಸಹಾಯ ಬೇಕು ಅಂದರೆ ನನ್ನಲ್ಲೇ ಏನೋ ದೋಷ ಇದೆ" ಅಂತ ಅವನಿಗೆ ಅನ್ನಿಸಿತು.

ಮುಂದೆ 1999ರಲ್ಲಿ ಥಾಮಸ್ ಡಿಷಿಯನ್ ಮತ್ತು ಫ್ರಾಂಸ್ವಾ ಪುಲಾಂ ಜೊತೆ ಸೇರಿ ಬರೆದ ಲೇಖನದಲ್ಲಿ ಇನ್ನೊಂದು ಸುಳಿವು ಸಿಕ್ಕಿತು: ಸಮ್ಮರ್ ಕ್ಯಾಂಪ್. ಒಂದಕ್ಕಿಂತ ಹೆಚ್ಚು ಬೇಸಿಗೆ ಕ್ಯಾಂಪಿಗೆ ಹೋದ ಹುಡುಗರಲ್ಲಿ ಹಾನಿ ತುಂಬಾ ಜಾಸ್ತಿ ಇತ್ತು, ಅವರವರ ಜೋಡಿಗಳಿಗೆ ಹೋಲಿಸಿದರೆ. ಡಿಷಿಯನ್ ಆರೆಗಾನಿನಲ್ಲಿ ಹದಿಹರೆಯದ ಹುಡುಗರನ್ನು ಅವರವರ ಗೆಳೆಯರ ಜೊತೆ ಕೂರಿಸಿ, ಅವರ ಮಾತುಕತೆಯನ್ನು ವಿಡಿಯೋ ಮಾಡಿ ನೋಡಿದ್ದರು. ನಿಯಮ ಮುರಿದ ಕಥೆ ಹೇಳಿದಾಗ ಗೆಳೆಯ ನಕ್ಕರೆ, ಹೇಳುವವನು ಅಂಥ ಕಥೆಯನ್ನು ಮತ್ತೆ ಹೇಳುತ್ತಾನೆ. ಆ ನಗು ಹೆಚ್ಚಿದ್ದ ಜೋಡಿಗಳ ಹುಡುಗರು ಮುಂದೆ ಹೆಚ್ಚು ದಾರಿ ತಪ್ಪಿದರು. ನಗು ಒಂದು ಬಹುಮಾನ, ಇಲಿಗೆ ಕೊಡುವ ಸಕ್ಕರೆ ತುಣುಕಿನ ಹಾಗೆ. ಕ್ಯಾಂಪಿನಲ್ಲಿ ದೊಡ್ಡವರ ಕಣ್ಣು ತಪ್ಪಿಸಿ ಹುಡುಗರು ಒಬ್ಬರಿಗೊಬ್ಬರು ಇದೇ ಪಾಠ ಹೇಳಿಕೊಟ್ಟಿರಬಹುದು ಅನ್ನುವುದು ಇವರ ವಾದ. ನಮಗೆ ಇದು ಚೆನ್ನಾಗಿ ಹೊಂದುತ್ತೆ ಅನ್ನಿಸುತ್ತೆ, ಆದರೆ ಕ್ಯಾಂಪಿಗೆ ಯಾರನ್ನು ಕಳಿಸಬೇಕು ಅಂತ ನಿರ್ಧರಿಸಿದ್ದು ಕೌನ್ಸೆಲರು, ನಾಣ್ಯ ಅಲ್ಲ. ಹಾಗಾಗಿ ಈ ಭಾಗದ ಸಾಕ್ಷಿ ಅಷ್ಟು ಗಟ್ಟಿ ಇಲ್ಲ, ಸಂಶೋಧಕರಲ್ಲಿ ಒಮ್ಮತವೂ ಇಲ್ಲ. ಈ ಬೇಸಿಗೆಗೆ ಮಗುವಿನ ಕ್ಯಾಂಪಿಗೆ ದುಡ್ಡು ಕಟ್ಟಿರುವ ಅಪ್ಪ ಅಮ್ಮಂದಿರು ಗಾಬರಿಯಾಗಬೇಡಿ. ಈಜು ಕಲಿಸುವ ಎಲ್ಲ ಕ್ಯಾಂಪಿಗೂ ಇದನ್ನು ಅನ್ವಯಿಸಲು ಬರುವುದಿಲ್ಲ.

ಮೆಕಾರ್ಡ್ ಅವರ ಕೆಲಸ ಇದೊಂದೇ ಅಲ್ಲ. ಆ ಫೈಲುಗಳಲ್ಲಿದ್ದ ಮನೆಗಳ ಬಗ್ಗೆ ಜೀವನವಿಡೀ ಬರೆದರು. "ತಂದೆಯಿಲ್ಲದ ಮನೆಯ ಮಗ ಕೆಡುತ್ತಾನೆ" ಅನ್ನುವ ಮಾತು ಅಮೆರಿಕದಲ್ಲೂ ಇತ್ತು, ನಮ್ಮಲ್ಲೂ ಇದೆ. ಮೆಕಾರ್ಡ್ ಲೆಕ್ಕ ಹಾಕಿದಾಗ ಅಪ್ಪ ಇದ್ದು ಮನೆಯಲ್ಲಿ ಸದಾ ಜಗಳವಿದ್ದ ಹುಡುಗರಿಗಿಂತ, ಅಕ್ಕರೆಯ ತಾಯಿ ಒಬ್ಬಳೇ ಸಾಕಿದ ಹುಡುಗರ ಸ್ಥಿತಿ ಚೆನ್ನಾಗಿತ್ತು. ಒಬ್ಬರೇ ಇಬ್ಬರು ಗಂಡು ಮಕ್ಕಳನ್ನು ಸಾಕಿದ ಮೆಕಾರ್ಡ್ ಇದನ್ನು ಬರೆಯುವಾಗ ಮನಸ್ಸಿನಲ್ಲಿ ಏನಿತ್ತೋ! ಮಕ್ಕಳಲ್ಲಿ ಒಬ್ಬರಾದ ಜೆಫ್ರಿ ಸೇರ್-ಮೆಕಾರ್ಡ್ ಅಮ್ಮ ಮೊದಲು ಓದಿದ ತತ್ತ್ವಶಾಸ್ತ್ರದಲ್ಲೇ ಪ್ರೊಫೆಸರ್ ಆದರು. ಅಮ್ಮನ ಪ್ರಬಂಧಗಳನ್ನು ಸಂಕಲಿಸಿ 2007ರಲ್ಲಿ ಪ್ರಕಟಿಸಿದ್ದೂ ಅವರೇ.

ಅಮೆರಿಕದ ಅಪರಾಧಶಾಸ್ತ್ರ ಸಂಘಕ್ಕೆ ಅಧ್ಯಕ್ಷೆಯಾದ ಮೊದಲ ಮಹಿಳೆ ಮೆಕಾರ್ಡ್. ಬಾಲಾಪರಾಧದ ಬಗ್ಗೆ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರಲ್ಲಿ ಹೊರತಂದ ದೊಡ್ಡ ವರದಿಯ ಸಂಪಾದಕರಲ್ಲಿ ಒಬ್ಬರು. ಪ್ರಶಸ್ತಿಗಳೂ ಬಂದವು. ಇವನ್ನೆಲ್ಲ ಪಟ್ಟಿ ಮಾಡುವ ಅಗತ್ಯವಿಲ್ಲ.

ಅವರ ವಾದಕ್ಕೆ ಬೇರೆ ಕಡೆಯಿಂದಲೂ ಪುಷ್ಟಿ ಸಿಕ್ಕಿತು. 1970ರ ದಶಕದಲ್ಲಿ ನ್ಯೂಜೆರ್ಸಿಯ ಜೈಲೊಂದರಲ್ಲಿ ದಾರಿ ತಪ್ಪುತ್ತಿರುವ ಹುಡುಗರನ್ನು ಕರೆತಂದು, ಜೀವಾವಧಿ ಕೈದಿಗಳಿಂದ ಬೈಸಿ, ಬೆದರಿಸಿ ಕಳಿಸುವ ಕಾರ್ಯಕ್ರಮ ಇತ್ತು. 1978ರಲ್ಲಿ ಅದರ ಮೇಲೆ ಬಂದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಒಂದು ದಿನ ಹೆದರಿಸಿದರೆ ಸಾಕು, ಹುಡುಗ ಸರಿಹೋಗುತ್ತಾನೆ ಅನ್ನುವುದು ಯಾರಿಗೆ ಇಷ್ಟವಾಗಲ್ಲ ಹೇಳಿ. ಊರೂರಲ್ಲಿ ಅದನ್ನೇ ನಕಲು ಮಾಡಿದರು. ಅಂಥ ಕಾರ್ಯಕ್ರಮಗಳ ಮೇಲೆ ನಡೆದಿದ್ದ 9 ಪ್ರಯೋಗಗಳನ್ನು ಆಂಥೊನಿ ಪೆಟ್ರೊಸಿನೊ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದಾಗ, ಜೈಲು ನೋಡಿಬಂದ ಹುಡುಗರೇ ಹೆಚ್ಚು ಅಪರಾಧ ಮಾಡಿದ್ದರು.

2003ರಲ್ಲಿ ಮೆಕಾರ್ಡ್ ಇಂಥ ಕಾರ್ಯಕ್ರಮಗಳನ್ನೆಲ್ಲ ಒಂದೆಡೆ ಇಟ್ಟು, ಹಾನಿ ಮಾಡುವ ಚಿಕಿತ್ಸೆಗಳ ಬಗ್ಗೆ ಲೇಖನ ಬರೆದರು. ಮುಂದಿನ ವರ್ಷ, 2004ರ ಫೆಬ್ರವರಿಯಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ 73 ವರ್ಷ.

ಆದರೆ ಆ 506 ಹುಡುಗರ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಬ್ರ್ಯಾಂಡನ್ ವೆಲ್ಷ್ ಮತ್ತು ಜೊತೆಗಾರರು ಅದೇ ಪಟ್ಟಿ ಹಿಡಿದು ಮತ್ತೆ ಹುಡುಕಿದರು. 2019ರಲ್ಲಿ ಫಲಿತಾಂಶ ಬಂತು. ಕಾರ್ಯಕ್ರಮ ಮುಗಿದು 72 ವರ್ಷವಾದ ಮೇಲಿನ ಲೆಕ್ಕ ಅದು. ವಿವರ ಸಿಕ್ಕವರಲ್ಲಿ ನೂರಕ್ಕೆ 91 ಜನ ತೀರಿಹೋಗಿದ್ದರು. ಸಹಾಯ ಪಡೆದವರು ಬೇಗ ಸತ್ತರು ಅಂತ ಮೆಕಾರ್ಡ್ ಹೇಳಿದ್ದರಲ್ಲ, ಅದನ್ನೇ ಇವರು ಪರೀಕ್ಷಿಸಿದರು. ಸತ್ತಾಗಿನ ವಯಸ್ಸು, 40 ತುಂಬುವ ಮೊದಲೇ ಸತ್ತವರ ಸಂಖ್ಯೆ, ಸಾವಿನ ಕಾರಣ, ಯಾವುದರಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೆಕಾರ್ಡ್ ಪಟ್ಟಿ ಮಾಡಿದ ಹಾನಿಗಳಲ್ಲಿ ಒಂದು, ಇಡೀ ಆಯುಸ್ಸು ಮುಗಿಯುವ ಹೊತ್ತಿಗೆ ಉಳಿಯಲಿಲ್ಲ. ಒಳ್ಳೆಯದಂತೂ ಕಾಣಲಿಲ್ಲ, ಅದು ನಿಜ. ನೂರಾರು ಮನೆಗಳಿಗೆ ವರ್ಷಗಟ್ಟಲೆ ಹೋಗಿಬಂದ ಆ ಕೌನ್ಸೆಲರುಗಳು ಬದುಕಿದ್ದು ಇದನ್ನು ಕೇಳಿದ್ದರೆ ಅಷ್ಟು ಮಟ್ಟಿಗೆ ಉಸಿರು ಬಿಡುತ್ತಿದ್ದರೋ ಏನೋ.

ಈ ಸಂಚಿಕೆಗೆ ಇಷ್ಟು. ನಿಮ್ಮಲ್ಲಿ ಶಾಲೆಗಳಲ್ಲಿ, ಕನ್ನಡ ಕೂಟಗಳಲ್ಲಿ ಮಕ್ಕಳ ಜೊತೆ ಸ್ವಯಂಸೇವೆ ಮಾಡುವವರು ಬಹಳ ಜನ ಇದ್ದೀರಿ. ನಿಮ್ಮ ಕಾರ್ಯಕ್ರಮದಿಂದ ಏನಾಯಿತು ಅಂತ ಎಂದಾದರೂ ಅಳೆದು ನೋಡಿದ್ದರೆ, ಹೇಗೆ ಅಳೆದಿರಿ ಅಂತ ನಮಗೆ ಬರೆಯಿರಿ, ಮುಂದೊಂದು ಸಂಚಿಕೆಯಲ್ಲಿ ಓದೋಣ. ಮುಂದಿನ ಸಲ ಮತ್ತೆ ಬ್ಯಾಕ್ಟೀರಿಯಾ ಕಡೆಗೆ.